ಒಳಗೆ ಬಾರದ ಕೋಣೆ

ಯಂತ್ರಗಳ ವಿಷಯದಲ್ಲಿ ನನ್ನ ವಿದ್ಯೆ ಬಟನ್ ಒತ್ತುವಲ್ಲಿಗೆ ಮುಗಿಯುತ್ತದೆ. ಒತ್ತಿದ್ದು ಕೆಲಸ ಮಾಡದಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತುತ್ತೇನೆ. ಅದಕ್ಕೂ ಜಗ್ಗದಿದ್ದರೆ ನಯಾಜ್‌ನನ್ನು ಕರೆಯುತ್ತೇನೆ. ನಯಾಜ್ ನನ್ನ ಗಂಡ, ಆಮ್‌ಸ್ಟರ್‌ಡ್ಯಾಮಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಅವನು ಬಂದು ಅದನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡುತ್ತಾನೆ. ಅವನ ಓದಿಗೂ ನನ್ನ ಓದಿಗೂ ಇರುವ ವ್ಯತ್ಯಾಸ ಇಷ್ಟೇ.

ಇಷ್ಟು ಬಂಡವಾಳ ಇಟ್ಟುಕೊಂಡು ಹೋದ ಬೇಸಿಗೆಯಲ್ಲಿ ನಾವು ವಿಮ್ ಅವರ ಗಾಡಿ ತೆಗೆದುಕೊಂಡು ಹೊರಟೆವು. ವಿಮ್ ನಾವಿರುವ ಆಲ್ಮೆರೆ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ವಯಸ್ಸಾದವರು, ಒಬ್ಬರೇ ಇರುತ್ತಾರೆ. ಹೆಂಡತಿ ಎರಡು ವರ್ಷದ ಹಿಂದೆ ಬಿಟ್ಟು ಹೋದರು ಎಂದು ಬೀದಿಯವರು ಹೇಳಿದ್ದರು. ಅವರಾಗಿ ಹೇಳಿರಲಿಲ್ಲ, ನಾವಾಗಿ ಕೇಳಿರಲಿಲ್ಲ. ಅವರ ಮನೆ ಮುಂದೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಇರುವ ದೊಡ್ಡದೊಂದು ಕ್ಯಾಂಪರ್ ನಿಂತಿರುತ್ತಿತ್ತು. ಅಮೆರಿಕದಲ್ಲಿ ತಯಾರಾಗಿ ಬಂದ ಚಕ್ರದ ಮನೆ. ಅದನ್ನು ಮಾರುವುದಕ್ಕೆ ಇಟ್ಟಿದ್ದರು.

“ಸೋಮವಾರ ಸಂಜೆ ಅದನ್ನ ನೋಡೋಕೆ ಜನ ಬರ್ತಾರೆ. ಅಷ್ಟರೊಳಗೆ ನಿಮ್ಮ ತಾಯಿಯನ್ನ ಒಂದು ಸುತ್ತು ಕರ್ಕೊಂಡು ಹೋಗಿಬನ್ನಿ,” ಎಂದು ಕೀ ಕೈಗಿಟ್ಟರು. ಡಚ್ಚರು ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ ಎಂದು ಇಲ್ಲಿರುವ ನಮ್ಮವರು ಆಡಿಕೊಳ್ಳುವುದುಂಟು. ಅಂಥ ನಾಡಿನಲ್ಲಿ ಈ ಮನುಷ್ಯ ಮನೆಯನ್ನೇ ಕೊಟ್ಟುಬಿಟ್ಟರು. (ಅವರ ಜೊತೆ ನಮ್ಮ ಮಾತು ನಡೆಯುವುದು ಮುರುಕು ಡಚ್ಚಿನಲ್ಲಿ. ಆ ಮುರುಕನ್ನು ಇಲ್ಲಿ ರಿಪೇರಿ ಮಾಡಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಆ ಗಾಡಿಯ ವಿಶೇಷವೆಂದರೆ ಸ್ಲೈಡ್-ಔಟ್. ನಿಲ್ಲಿಸಿ ಬಟನ್ ಒತ್ತಿದರೆ ಒಂದು ಪಕ್ಕದ ಗೋಡೆ, ಅದಕ್ಕೆ ಅಂಟಿಕೊಂಡ ಮಂಚದ ಸಮೇತ, ಮೇಜಿನ ಡ್ರಾಯರಿನ ಹಾಗೆ ಹೊರಗೆ ಬರುತ್ತದೆ. ಒಳಗೆ ಓಡಾಡುವುದಕ್ಕೆ ಜಾಗ ಆಗುತ್ತದೆ. ಹೊರಡುವಾಗ ಮತ್ತೆ ಒತ್ತಿದರೆ ಒಳಗೆ ಹೋಗಬೇಕು. ವಾಗೆನಿಂಗನ್ ಹತ್ತಿರ ಕಾಡಿನಂಚಿನ ಕ್ಯಾಂಪಿಂಗಿನಲ್ಲಿ ಅದು ಮೊದಲ ಸಲ ಹೊರಗೆ ಬಂದದ್ದನ್ನು ನೋಡಿ, ಚಿತ್ರದುರ್ಗದಿಂದ ಬಂದಿದ್ದ ನಮ್ಮ ಅಮ್ಮಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, “ಯಾ ಅಲ್ಲಾ, ಗಾಡಿ ಬಸುರಿ ಆಯ್ತಲ್ಲೇ!” ಎಂದರು. ಆ ಹೊಟ್ಟೆಯಲ್ಲಿದ್ದ ಮಂಚವೇ ನನಗೆ ಬೇಕು ಎಂದು ಹಿಡಿದು ಕೂತರು.

ಎರಡು ದಿನ ಸುಖವಾಗಿ ಕಳೆಯಿತು. ಸೋಮವಾರ ಬೆಳಿಗ್ಗೆ ಸಾಮಾನು ಕಟ್ಟಿ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಗಟ್ಟಿಯಾಗಿ ಒತ್ತಿದೆ. ಪ್ಯಾನೆಲ್ಲಿನ ದೀಪಗಳೆಲ್ಲ ಒಂದು ಸಲ ಮಿನುಗಿ ಕಣ್ಣು ಮುಚ್ಚಿದವು. ನಯಾಜ್ ಬಂದು ಆಫ್ ಮಾಡಿ ಆನ್ ಮಾಡಿದ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದು ನೋಡಿದ. ಎಲ್ಲವೂ ಸರಿಯಾಗಿದ್ದವು, ಅದರಿಂದ ಅವನ ಮುಖ ಇನ್ನಷ್ಟು ಇಳಿಯಿತು. ಕೊನೆಗೆ ನಾವಿಬ್ಬರೂ ಹೊರಗೆ ನಿಂತು ಆ ಗೋಡೆಗೆ ಹೆಗಲು ಕೊಟ್ಟು ನೂಕಿದೆವು. ಪಕ್ಕದ ಟೆಂಟಿನವನು ಕಾಫಿ ಹಿಡಿದುಕೊಂಡು ನೋಡುತ್ತಿದ್ದ. ಒಳಗೆ ಮಂಚದ ಮೇಲಿದ್ದ ಅಮ್ಮಿ, “ಇನ್ನೂ ಜೋರಾಗಿ ನೂಕ್ರಿ,” ಎಂದು ಹುರಿದುಂಬಿಸಿದರು.

ಕೋಣೆ ಹೊರಗೆ ಚಾಚಿಕೊಂಡಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಸಂಜೆಗೆ ಗಿರಾಕಿಗಳು. ನಂಬಿ ಕೊಟ್ಟವರ ಗಾಡಿಯನ್ನು ಮಾರುವ ದಿನವೇ ಕೆಡಿಸಿಕೊಂಡು ಕೂತಿದ್ದೆವು. ನನಗೆ ಅಳು ಬರುವುದೊಂದು ಬಾಕಿ. ನಯಾಜ್ ಫೋನ್ ಸ್ಪೀಕರಿಗೆ ಹಾಕಿ ವಿಮ್ ಅವರಿಗೆ ವಿಷಯ ಹೇಳಿದ.

“ಕೈಯಿಂದ ತಿರುಗಿಸಿ ಒಳಗೆ ತರಬಹುದು,” ಎಂದರು ವಿಮ್. “ಹೇಗೆ ಅಂತ ನನಗೆ ಗೊತ್ತಿಲ್ಲ. ಅದನ್ನ ಯಾವಾಗಲೂ ಅವಳೇ ಮಾಡ್ತಿದ್ದಳು.”

“ಅವರನ್ನ ಕೇಳಬಹುದಾ?”

“ವಾಗೆನಿಂಗನ್‌ನಲ್ಲೇ ಇದ್ದಾಳೆ. ನಂಬರ್ ಕಳಿಸ್ತೀನಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.”

ಮೊಬೈಲಿಗೆ ನಂಬರು ಬಂತು. ಅದರ ಮೇಲಿದ್ದ ಹೆಸರನ್ನು ಇಂಗ್ಲಿಷಿನ ಅಭ್ಯಾಸದಲ್ಲಿ ಓದಿದರೆ ‘ಜೋಕ್’. “ಈ ಹೊತ್ತಿನಲ್ಲಿ ಇವರಿಗೆ ತಮಾಷೆ!” ಎಂದು ನಯಾಜ್ ಸಿಡಿದ. ತಮಾಷೆಯಲ್ಲ, ಡಚ್ ಹೆಂಗಸರಿಗೆ ಇಡುವ ಹೆಸರು ಅದು. ಬಾಯಲ್ಲಿ ‘ಯೋಕ’ ಎನ್ನಬೇಕು. ಫೋನ್ ಮಾಡಿದೆ. ನಾನು ಅರ್ಧ ಹೇಳುವಷ್ಟರಲ್ಲಿ ಆಕೆ ನಕ್ಕರು. “ಏನನ್ನೂ ಮುಟ್ಟಬೇಡಿ, ಬಂದೆ,” ಎಂದರು.

ಬಂದದ್ದು ಸೈಕಲ್ಲಿನಲ್ಲಿ. ಬೆಳ್ಳಗಿನ ಗಿಡ್ಡ ಕೂದಲು, ಸೈಕಲ್ಲಿನ ಚೀಲದ ತುಂಬ ಸ್ಪ್ಯಾನರುಗಳು. ಮೊದಲು ಅಮ್ಮಿಯನ್ನು ಕೈಹಿಡಿದು ಮಂಚದಿಂದ ಇಳಿಸಿದರು. ಕೋಣೆ ಸರಿಯುವಾಗ ಅದರಲ್ಲಿ ಯಾರೂ ಇರಕೂಡದಂತೆ. ಅಮ್ಮಿ ಇಳಿದವರೇ ಶುಂಠಿ ಜಜ್ಜಿ ಚಹಾಕ್ಕೆ ಇಟ್ಟರು. ಒಳಗೆ ದಾರಿಗೆ ಅಡ್ಡವಾಗಿ ಏನೂ ಇಲ್ಲವೆಂದು ನೋಡಿಕೊಂಡು, ಯೋಕ ಹುಲ್ಲಿನ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದರು. ಮೋಟಾರಿಗೆ ಒಂದು ಬ್ರೇಕು. ಅದನ್ನು ಬಿಡಿಸದೆ ಆನೆ ನೂಕಿದರೂ ಕೋಣೆ ಅಲ್ಲಾಡುವುದಿಲ್ಲ. ಬ್ರೇಕು ಬಿಡಿಸಿ, ಮೋಟಾರಿನ ಬಾಲಕ್ಕೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಬೇಕು.

ನಮ್ಮ ತಾತನ ಕಾಲದಲ್ಲಿ ಲಾರಿಗೆ ಹ್ಯಾಂಡಲ್ ಹೊಡೆಯುತ್ತಿದ್ದರು. ಈ ಡಚ್ಚರಂತೂ ಗಾಳಿ ಬೀಸಿದ ಕಡೆಗೆ ಗಾಳಿಯಂತ್ರದ ತಲೆಯನ್ನೇ ಕೈಯಲ್ಲಿ ತಿರುಗಿಸಿಕೊಂಡು ಹಿಟ್ಟು ಬೀಸಿದವರು. ಬಟನ್ ನಿನ್ನೆ ಮೊನ್ನೆ ಬಂದದ್ದು ಎಂದು ನಾನು ದೊಡ್ಡದಾಗಿ ಯೋಚಿಸುತ್ತಿರುವಾಗ, “ಸುಮ್ಮನೆ ಯಾಕೆ ನಿಂತಿದೀಯ? ಒಳಗೆ ಹೋಗಿ ನೋಡು, ಎಲ್ಲಾದರೂ ಸಿಕ್ಕಿಕೊಂಡರೆ ಕೂಗು,” ಎಂದು ಯೋಕ ಗದರಿದರು. ಸ್ಪ್ಯಾನರನ್ನು ನಯಾಜ್ ಕೈಗೆ ಕೊಟ್ಟರು. ಅವನು ಬೆವರಿಳಿಸಿಕೊಂಡು ತಿರುಗಿಸಿದ. ಕೋಣೆ ಇರುವೆಯ ಹಾಗೆ ಒಳಗೆ ಬಂತು.

“ವಿಮ್ ಬಟನ್ ಒತ್ತೋರು. ಅದು ಕೈಕೊಟ್ಟಾಗ ನಾನು ಕೆಳಗೆ. ಅವರು ಕಿಟಕಿಯಿಂದ ಹೆಬ್ಬೆಟ್ಟು ತೋರಿಸೋರು, ಭೇಷ್ ಅಂತ,” ಎಂದರು ಯೋಕ.

“ಅದಕ್ಕೇ ಬಿಟ್ಟಿರಾ?” ಎಂದು ಬಾಯಿ ಜಾರಿ ಕೇಳಿಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. “ಅಷ್ಟಕ್ಕೆಲ್ಲ ಯಾರು ಬಿಡ್ತಾರೆ? ಆದರೆ ಮಳೇಲಿ ಗಾಡಿ ಕೆಳಗೆ ಮಲಗಿದ್ದರೆ ಯೋಚನೆ ಮಾಡೋಕೆ ತುಂಬ ಟೈಮ್ ಸಿಗತ್ತೆ, ನೋಡು.”

ಕೋಣೆ ಸೇರಿಕೊಂಡ ಮೇಲೆ ಬ್ರೇಕನ್ನು ಮತ್ತೆ ಹಾಕಿದರು. “ಇದನ್ನ ಮರೆತರೆ ಮೊದಲನೇ ತಿರುವಿನಲ್ಲೇ ಕೋಣೆ ಹೊರಗೆ ಬರತ್ತೆ. ಒಂದು ಸಲ ನಾನೇ ಮರೆತಿದ್ದೆ. ರೌಂಡ್‌ಅಬೌಟಿನಲ್ಲಿ ಮಂಚ ಮೆಲ್ಲಗೆ ಆಚೆ ಹೊರಟಿತು. ವಿಮ್ ಅದನ್ನ ಕನ್ನಡಿಯಲ್ಲಿ ನೋಡಿ, ‘ಯೋಕ, ನಮ್ಮನ್ನ ಯಾವುದೋ ಮನೆ ಓವರ್‌ಟೇಕ್ ಮಾಡ್ತಿದೆ’ ಅಂದರು!” ಹೇಳುತ್ತ ನಗಲು ಶುರುಮಾಡಿದವರು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ಭಾಷೆ ಬಾರದ ಅಮ್ಮಿಯೂ ಚಹಾದ ಲೋಟ ಹಿಡಿದುಕೊಂಡೇ ನಕ್ಕರು.

ಆಗ ನಯಾಜ್, ಒಳ್ಳೆಯ ಮನಸ್ಸಿನಿಂದಲೇ, “ನಿಮ್ಮಿಂದ ಉಳಿದೆವು. ಸಂಜೆ ಇದನ್ನ ಕೊಳ್ಳೋಕೆ ಜನ ಬರ್ತಿದಾರೆ,” ಎಂದ.

ಯೋಕರ ನಗು ನಿಂತಿತು. ಮಾರುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. “ಬ್ರೇಕಿನ ವಿಷಯ ಕೊಳ್ಳೋರಿಗೆ ಯಾರು ಹೇಳ್ತಾರೆ?” ಎಂದರು.

ನಾನು ನಯಾಜ್ ಮುಖ ನೋಡಿದೆ.

“ವಿಮ್‌ಗೆ ಗೊತ್ತಿಲ್ಲ. ಯಾರಾದರೂ ಹೇಳಲೇಬೇಕಲ್ಲ,” ಎಂದವರೇ ತಮ್ಮ ಸೈಕಲ್ಲನ್ನು ಗಾಡಿಯ ಹಿಂದಿನ ಸ್ಟ್ಯಾಂಡಿಗೆ ಏರಿಸಿ ಕಟ್ಟಿ, ಒಳಗೆ ಹತ್ತಿ ಅಮ್ಮಿಯ ಪಕ್ಕ ಕೂತರು. ಆಲ್ಮೆರೆಯವರೆಗೂ ಒಬ್ಬರು ಡಚ್ಚಿನಲ್ಲಿ, ಇನ್ನೊಬ್ಬರು ದಖನಿಯಲ್ಲಿ ಮಾತಾಡಿಕೊಂಡೇ ಬಂದರು. ಇಬ್ಬರಿಗೂ ಅನುವಾದ ಬೇಕಾಗಲಿಲ್ಲ.

ವಿಮ್ ಬೀದಿಯಲ್ಲೇ ನಿಂತಿದ್ದರು. ಯೋಕ ಇಳಿದದ್ದನ್ನು ಕಂಡು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದರು, ತೆಗೆದರು.

“ಸೊರಗಿದೀಯ,” ಎಂದರು.

“ಕೋಣೆ ಸರಿಯೋ ಹಳಿಗೆ ಗ್ರೀಸ್ ಹಾಕಿಲ್ಲ ನೀನು,” ಎಂದರು ಯೋಕ.

ಗಿರಾಕಿಗಳು ಬಂದರು. ಪಾಪ, ನಗುಮುಖದ ಗಂಡ ಹೆಂಡತಿ. ಯೋಕ ಅವರಿಗೆ ಬ್ರೇಕನ್ನು ವಿವರಿಸಿದರು. ಮಳೆಯಲ್ಲಿ ಹೇಗೆ ಮಲಗಬೇಕು, ಕೆಸರು ಕಾಲರಿನೊಳಗೆ ಎಲ್ಲಿಂದ ಇಳಿಯುತ್ತದೆ, ರೌಂಡ್‌ಅಬೌಟಿನಲ್ಲಿ ಏನಾಗಬಹುದು ಎಲ್ಲವನ್ನೂ ಹೇಳಿದರು. ಆ ಹೆಂಗಸನ್ನು ಕೆಳಗೆ ಬಗ್ಗಿಸಿ ತೋರಿಸಿದರು. ಒಂದೇ ಒಂದು ಸುಳ್ಳು ಹೇಳಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡುತ್ತೇವೆ ಎಂದು ಹೋದ ದಂಪತಿ ಈ ಕಡೆ ಮತ್ತೆ ತಲೆ ಹಾಕಲಿಲ್ಲ. ಗಾಡಿ ಮಾರಾಟವಾಗಲಿಲ್ಲವೆಂದು ವಿಮ್ ಬೇಸರ ಮಾಡಿಕೊಂಡರೋ, ಉಳಿಯಿತೆಂದು ಖುಷಿಪಟ್ಟರೋ ಎಂದು ಆ ಸಂಜೆಯೇ ನಾನು ಕಿಟಕಿಯಿಂದ ಇಣುಕಿದೆ. ಅವರು ಗಾಡಿಯ ಕೆಳಗಿದ್ದರು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಯೋಕ ಪಕ್ಕದಲ್ಲಿ ನಿಂತು, ಎಡಕ್ಕೆ, ಎಡಕ್ಕೆ ಎನ್ನುತ್ತಿದ್ದರು.

ಶರತ್ಕಾಲಕ್ಕೆ ಇಬ್ಬರೂ ಆ ಗಾಡಿಯಲ್ಲಿ ಸಮುದ್ರದ ಕಡೆ ಹೊರಟರು. ಹೊರಡುವ ಮುಂಚೆ ಯೋಕ ನಮ್ಮ ಬಾಗಿಲಿಗೆ ಬಂದು ಕಟ್ಟುನಿಟ್ಟಾಗಿ ಹೇಳಿದರು: “ತಪ್ಪು ತಿಳ್ಕೋಬೇಡ. ನಾನು ವಾಪಸ್ ಬಂದಿರೋದು ಗಾಡಿಗೋಸ್ಕರ, ಅವನಿಗೋಸ್ಕರ ಅಲ್ಲ.”

ಅಷ್ಟರಲ್ಲಿ ಅಮ್ಮಿ ಊರಿಗೆ ಮರಳಿದ್ದರು. ಫೋನ್ ಮಾಡಿ ಈ ಮಾತನ್ನು ಇದ್ದ ಹಾಗೇ ಒಪ್ಪಿಸಿದೆ. ಅಮ್ಮಿ, “ಗಾಡಿ ಓಡಿಸೋರು ಯಾರು?” ಎಂದು ಕೇಳಿದರು.

“ವಿಮ್ ಅವರೇ, ಅಮ್ಮಿ.”

“ಹಂಗಾರೆ ಸರಿ ಬಿಡು. ಗಾಡಿಗೋಸ್ಕರ ಬಂದೋರು ಸ್ಟಿಯರಿಂಗ್ ಬಿಟ್ಟುಕೊಡ್ತಾರಾ?” ಎಂದರು.