ಒಂದೇ ಮನೆಯ ಮಾತು

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ, ಗಂಡಿನ ಕಡೆಯ ವಿಚಾರಣೆಗೆ ಹೊರಟವರು ಪಕ್ಕದ ಮನೆಯ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರನ್ನು ಜೊತೆಗೆ ಕರೆಯಲು ಹಿಂಜರಿಯುತ್ತಿದ್ದರು. ಬೇರೆಯವರು ಒಂದು ಮನೆಯಲ್ಲಿ ಕೇಳಿ ಮುಗಿಸುವ ಕೆಲಸವನ್ನು ಅವರು ಬೀದಿಯ ತುದಿಯವರೆಗೂ ಎಳೆಯುತ್ತಿದ್ದರು. ಪ್ರತಿ ಉತ್ತರಕ್ಕೂ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ, "ಸರಿ, ಇನ್ನಷ್ಟು ಜನರನ್ನ ಕೇಳೋಣ" ಎನ್ನುವರು.

ಹೊಸಹಳ್ಳಿಗೆ ಮೆಟ್ರೊ ಬರುತ್ತದಂತೆ ಎಂಬ ಸುದ್ದಿಯಷ್ಟೇ ಇದ್ದ ಕಾಲ. ಅಲ್ಲಿಂದ ಅಕ್ಕನಿಗೊಂದು ಸಂಬಂಧ ಬಂತು. ಅಪ್ಪ ಬೇರೆ ಯಾರೂ ಸಿಗದೆ ಮೇಷ್ಟ್ರನ್ನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಮೊದಲು ಸಿಕ್ಕ ಇಸ್ತ್ರಿಯವನು, "ಹುಡುಗ ಮಹಾ ಸಿಡುಕ ಸಾರ್" ಎಂದ. ಅಪ್ಪ ಅಲ್ಲಿಂದಲೇ ಸ್ಕೂಟರ್ ತಿರುಗಿಸಿದರು. ಮೇಷ್ಟ್ರು ಹತ್ತಲಿಲ್ಲ.

"ಒಬ್ಬನ್ನ ಕೇಳಿದ್ರೆ ಅವನ ಸಿಟ್ಟು ಗೊತ್ತಾಗತ್ತೆ ಕಣ್ರೀ. ತುಂಬಾ ಜನರನ್ನ ಕೇಳಿದ್ರೆ ಹುಡುಗ ಗೊತ್ತಾಗ್ತಾನೆ."

ಸಂಜೆಯವರೆಗೂ ಕೇಳಿದರು. ಸಿಡುಕ ಎಂದವರು ಮತ್ತೊಬ್ಬರು ಸಿಗಲಿಲ್ಲ. ಮದುವೆಯಾಯಿತು.

ಕೆಲವು ವರ್ಷಗಳ ಮೇಲೆ ಮೇಷ್ಟ್ರ ಮಗನ ಬಗ್ಗೆ ವಿಚಾರಿಸಲು ಹೆಣ್ಣಿನ ತಂದೆಯೊಬ್ಬರು ನಮ್ಮ ಮನೆಗೆ ಬಂದರು. ಅಮ್ಮ ಹೊಗಳಿದ್ದೇ ಹೊಗಳಿದ್ದು. ಅವರು ಖುಷಿಯಿಂದ ಚಪ್ಪಲಿ ಮೆಟ್ಟಿ ಹೊರಟಾಗ ಮೇಷ್ಟ್ರು ಪಕ್ಕದ ಗೇಟಿನಲ್ಲೇ ನಿಂತಿದ್ದರು.

"ಇವರೊಬ್ಬರನ್ನೇ ಕೇಳಿ ಹೊರಟ್ರಾ? ಇನ್ನಷ್ಟು ಜನರನ್ನ ಕೇಳಿ."

ಬಂದವರು ತಬ್ಬಿಬ್ಬಾದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಎದುರು ಮನೆಯತ್ತ ತಲೆಯಲ್ಲೇ ಸನ್ನೆ ಮಾಡಿದರು.

"ಅವರನ್ನೂ ಬಿಡಬೇಡಿ. ನಮ್ಮ ಜೊತೆ ಮಾತು ಬಿಟ್ಟಿದ್ದಾರೆ."