ಪಾಠಕ್ಕೂ ಮುಂಚೆ

ನಿನ್ನೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಯಲಹಂಕದ ನಮ್ಮ ಬೀದಿಗೆ ಈ ಚಳಿಯಲ್ಲಿ ದಿನಾ ಒಂದು ತಳ್ಳುಗಾಡಿ ಬರುತ್ತದೆ, ಕಾಯಿ ಮಾತ್ರ ನಮ್ಮ ಕಡೆಯದೇ. ಹಳೇ ಪೇಪರ್ ಹಾಸಿಕೊಂಡು ಸುಲಿದೆ, ಬೇಳೆ ಹಿದುಕಲು ನೆನೆಹಾಕಿದೆ, ಸೋಪು ಹಾಕಿ ಕೈ ತೊಳೆದೆ. ಸೊಗಡು ಹೋಗಲಿಲ್ಲ. ಅದು ಅಷ್ಟು ಸುಲಭವಾಗಿ ಹೋಗುವುದೂ ಇಲ್ಲ. ಸಂಜೆ ಕಾಫಿ ಲೋಟ ಬಾಯಿಗೆ ತಂದಾಗ ಬೆರಳಿನ ಆ ವಾಸನೆ ಮೂಗಿಗೆ ಬಡಿಯಿತು. ಗೌರಿಬಿದನೂರಿನ ಬೆಳಗಿನ ರೈಲು ನೆನಪಾಯಿತು, ರೈಲಿನ ಹಿಂದೆಯೇ ಅಕ್ಕ...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ವಿಶೇಷ ಶಿಕ್ಷಣದಲ್ಲಿ ಎಂ.ಎಡ್. ಮಾಡಲು ನಾನು ಬೆಂಗಳೂರಿನ ಕಾಲೇಜೊಂದಕ್ಕೆ ಸೇರಿದಾಗ ನನ್ನ ಜೊತೆ ಓದುತ್ತಿದ್ದವರು. ನನಗಿನ್ನೂ ಕಾಲೇಜು ಹುಡುಗಿಯ ವಯಸ್ಸು, ಅವರು ನಲವತ್ತು ದಾಟಿದವರು. ತರಗತಿಗೆಲ್ಲ ಅವರು ಅಕ್ಕನೇ. ಒಬ್ಬಿಬ್ಬರು ಲೆಕ್ಚರರ್‌ಗಳು ಬಾಯಿತಪ್ಪಿ ಅಕ್ಕ ಎಂದು ನಾಲಿಗೆ ಕಚ್ಚಿಕೊಂಡದ್ದೂ ಉಂಟು. ಮಂಡಿಕಲ್ ಕಡೆಯವರು. ಚಿಂತಾಮಣಿಯಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಗುತ್ತಿಗೆ ಕೆಲಸದಲ್ಲಿ ಬಹಳ ವರ್ಷ ಇದ್ದು, ಅದನ್ನು ಬಿಟ್ಟು ಬಂದಿದ್ದರು. ರೈಲಿನ ಅನುಕೂಲಕ್ಕೆಂದು ಗೌರಿಬಿದನೂರಿನಲ್ಲಿ ತಂಗಿಯ ಮನೆಯಲ್ಲಿದ್ದರು.

ನಾನು ಆ ಕೋರ್ಸಿಗೆ ಸೇರಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಟೀಚರ್ ಕೆಲಸಕ್ಕಿಂತ ಮೇಲಿನದು ಸಿಗುತ್ತದಂತೆ ಎಂದು ಯಾರಿಂದಲೋ ಕೇಳಿಕೊಂಡು ಬಂದಿದ್ದರು. ಅಕ್ಕನಿಗೆ ಮಾತ್ರ ಕಾರಣವಿತ್ತು. ಮೊದಲ ವಾರದಲ್ಲೇ ರೈಲಿನಲ್ಲಿ, ಮಡಿಲ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ, ನಾನು ಕೇಳದಿದ್ದರೂ ಹೇಳಿದ್ದರು.

"ನಂಗೆ ಪಾಠ ಮಾಡಿ ಸಾಕಾಗಿದೆ ಕಣೇ. ಆರು ವರ್ಷಕ್ಕೋ ಎಂಟು ವರ್ಷಕ್ಕೋ ಕರ್ಕೊಂಡು ಬರ್ತಾರೆ. ಅಷ್ಟೊತ್ತಿಗೆ ಆ ಮಗೂಗೆ ಅಮ್ಮ ಅನ್ನೋ ಮಾತೂ ಇರಲ್ಲ, ಕೈಯಲ್ಲಿ ಮಾಡೋ ಸನ್ನೇನೂ ಇರಲ್ಲ. ಊರು ಸೂರೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ, ಹಂಗಾಯ್ತು ನನ್ನ ಕೆಲಸ. ನಾನು ಸ್ಕೂಲು ಬಿಟ್ಟು ಎಳೇ ಮಕ್ಕಳಿರೋ ಮನೆಗೋಗ್ಬೇಕು."

ಅದೇ ಅವರ ಆಸೆ. ಹಾಲು ಕುಡಿಯುವ ಮಕ್ಕಳಲ್ಲೇ ತೊಂದರೆ ಗುರುತಿಸಿ, ತಾಯಿ ತಂದೆಗೆ ದಾರಿ ತೋರಿಸುವ ಕೆಲಸ. ಅಂಥ ಕೆಲಸ ಇದೆಯೆಂದು ನಮ್ಮ ಸಿಲೆಬಸ್ಸಿನಲ್ಲೂ ಬರೆದಿತ್ತು. ಎಂ.ಎಡ್. ಆದವರು ತರಗತಿಯ ಆಚೆ ಏನೇನಾಗಬಹುದು ಎಂದು ಲೆಕ್ಚರರ್ ಒಂದು ಗಂಟೆ ಹೇಳಿ ಬರೆಸಿದರು. ಪೋಷಕರ ಸಲಹೆಗಾರರು, ಯೋಜನಾಧಿಕಾರಿಗಳು, ಸಂಶೋಧಕರು... ಅಕ್ಕ ಎದ್ದು ನಿಂತು, "ಇದ್ರಲ್ಲಿ ನಮ್ಮ ಜಿಲ್ಲೇಲಿ ಯಾವ್ದಿದೆ ಸಾರ್?" ಎಂದರು. "ಮೊದ್ಲು ಓದಿ ಅಮ್ಮ, ಓದಿದ್ರೆ ತಾನಾಗೇ ಬರುತ್ತೆ" ಎಂಬ ಉತ್ತರ ಬಂತು. ನಾವೆಲ್ಲ ನಕ್ಕೆವು, ಅಕ್ಕನೂ ನಕ್ಕರು. ಓದಿದರೆ ಬರುತ್ತದೆ ಎಂದು ಅವರು ನಿಜಕ್ಕೂ ನಂಬಿದ್ದರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅವರ ಕೈಚೀಲದಲ್ಲಿ ಯಾವಾಗಲೂ ಒಂದು ಖಾಲಿ ಪೌಡರ್ ಡಬ್ಬಿ ಇರುತ್ತಿತ್ತು. ಒಳಗೆ ಒಣಗಿದ ಅವರೆಕಾಳು. ಮಗುವಿನ ಬೆನ್ನ ಹಿಂದೆ ಅದನ್ನು ಅಲ್ಲಾಡಿಸಿ, ತಿರುಗುತ್ತದೋ ಇಲ್ಲವೋ ನೋಡುವುದು. ಕಾಳು ಹಳೆಯದಾದರೆ ಹುಳ ಹೊಡೆದು ಹಗುರಾಗುತ್ತದೆ, ಸದ್ದು ಕೆಡುತ್ತದೆ ಎಂದು ಪ್ರತಿ ಚಳಿಗಾಲ ಹೊಸ ಕಾಳು ಒಣಗಿಸಿ ತುಂಬುತ್ತಿದ್ದರು. ರೈಲಿನಲ್ಲಿ ಸುಲಿಯುತ್ತಿದ್ದ ರಾಶಿಯಲ್ಲಿ ಬಲಿತ ಕಾಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುವುದು ಕಂಡು, ಸಾರಿಗೆ ಹಾಕೋದು ಬಿಟ್ಟು ಬೇರೆ ಬೇರೆ ಉಪಯೋಗ ಮಾಡ್ತೀರಲ್ಲ ಅಕ್ಕ ಎಂದು ನಾನು ರೇಗಿಸುತ್ತಿದ್ದೆ.

ಪ್ರಬಂಧಕ್ಕೆ ಎಲ್ಲರೂ ಯಾವುದಾದರೊಂದು ಶಾಲೆ ಹಿಡಿದರೆ ಅಕ್ಕ ಹಿಡಿದದ್ದು ಮುರುಗಮಲ್ಲದ ಒಂದು ಟೀ ಅಂಗಡಿ. ಗುರುವಾರ ಅಲ್ಲಿನ ದರ್ಗಾಕ್ಕೆ ಜನ ಬರುತ್ತಾರೆ, ಹಿಂದೂಗಳೂ ಬರುತ್ತಾರೆ, ಗಡಿಯಾಚೆಯ ತೆಲುಗಿನವರೂ ಬರುತ್ತಾರೆ. ಮಾತು ಬಾರದ ಮಗು, ನಡೆಯದ ಮಗು, ಕರೆದರೆ ನೋಡದ ಮಗು ಎಲ್ಲ ತಾಯಂದಿರ ಕಂಕುಳಲ್ಲಿ ಅಲ್ಲಿಗೆ ಬರುತ್ತವೆ. "ನಮ್ಮ ಸ್ಕೂಲಿಗೆ ಎಂಟು ವರ್ಷಕ್ಕೆ ಬರೋ ಮಗು ಇಲ್ಲಿಗೆ ಎಂಟು ತಿಂಗಳಿಗೇ ಬಂದಿರುತ್ತೆ. ಹರಕೆಗೆ ಯಾರೂ ತಡ ಮಾಡಲ್ಲ" ಎಂದಿದ್ದರು ಅಕ್ಕ. ಹರಕೆಯನ್ನು ಅವರು ಒಂದು ದಿನವೂ ಹೀಯಾಳಿಸಲಿಲ್ಲ. ಸಕ್ಕರೆ ಓದಿಸಿಕೊಂಡು ಬಂದು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ತಾಯಂದಿರ ಪಕ್ಕ ಕೂತು ಮಾತಿಗೆಳೆಯುತ್ತಿದ್ದರು. ಅಂಗಡಿಯ ಮುದುಕಿ "ಕೂರ್ಚೋಮ್ಮಾ" ಎಂದು ಜಾಗ ಮಾಡಿಕೊಡುತ್ತಿದ್ದಳು. ಮಗುವಿನ ಬೆನ್ನ ಹಿಂದೆ ಡಬ್ಬಿ ಸದ್ದಾಗುತ್ತಿತ್ತು.

ಆ ಮಗು ಸಿಕ್ಕಿದ್ದು ಅಲ್ಲೇ. ನಾನೂ ಅವತ್ತು ಜೊತೆಗಿದ್ದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಹೆಣ್ಣುಮಗು, ಆಗ ತಾನೇ ಓಡಾಡಲು ಕಲಿತಿತ್ತು. ಮಾತು ತಡವಾಗಿದೆ ಎಂದು ಹರಕೆ ಹೊತ್ತು ಕರೆತಂದಿದ್ದರು. ಅಕ್ಕ ಡಬ್ಬಿ ಅಲ್ಲಾಡಿಸಿದರು. ಮಗು ಬಿಸ್ಕತ್ತು ಚೀಪುತ್ತಲೇ ಇತ್ತು. ಇನ್ನೊಮ್ಮೆ ಅಲ್ಲಾಡಿಸಿದರು. ಅಜ್ಜಿಗೆ ಸಿಟ್ಟು ಬಂತು. "ಕಿವಿ ಚೆನ್ನಾಗೈತೆ ಬೇಟಾ. ಮನೇಲಿ ಮೋಟಾರ್ ಹಾಕಿದ್ರೆ ಸಾಕು, ನಿದ್ದೇಲಿದ್ರೂ ಕಣ್ಣು ಬಿಟ್ಟು ಆ ಕಡೆ ನೋಡ್ತಾಳೆ. ಇವಳಪ್ಪಾನೂ ಲೇಟಾಗೇ ಮಾತಾಡಿದ್ದು" ಎಂದರು. ಅಕ್ಕ ವಾದಿಸಲಿಲ್ಲ, ಮನೆಗೆ ಬರಲೇ ಎಂದು ಕೇಳಿದರು.

ಆ ಮನೆಯ ಹಿಂಭಾಗದಲ್ಲೇ ನೂಲು ತೆಗೆಯುವ ಯಂತ್ರವಿತ್ತು. ಗೂಡು ಬೇಯುವ ವಾಸನೆ ನಡುಮನೆಯವರೆಗೂ ತುಂಬಿತ್ತು. ಮಗು ಚಪ್ಪಡಿ ಕಲ್ಲಿನ ನೆಲದ ಮೇಲೆ ಕೂತಿತ್ತು. ಮೋಟಾರ್ ಹಾಕಿದರು. ಮಗು ಥಟ್ಟನೆ ಹಿತ್ತಲಿನ ಕಡೆ ತಿರುಗಿತು. ನೋಡಿದ್ರಾ ಎಂಬಂತೆ ಅಜ್ಜಿ ನಮ್ಮ ಕಡೆ ನೋಡಿದರು. ಅಕ್ಕ ಮೋಟಾರ್ ನಿಲ್ಲಿಸಲು ಹೇಳಿ, ತೊಲೆಗೆ ಕಟ್ಟಿದ್ದ ಸೀರೆಯ ಜೋಲಿಯಲ್ಲಿ ಮಗುವನ್ನು ಕೂರಿಸಿದರು. ಮತ್ತೆ ಹಾಕಿ ಎಂದರು. ಯಂತ್ರ ಗುಡುಗಿತು. ಮಗು ತನ್ನ ಕಾಲಿನ ಗೆಜ್ಜೆ ಹಿಡಿದು ಆಡುತ್ತಲೇ ಇತ್ತು. ಇಳಿಸಿ ನೆಲದ ಮೇಲೆ ಬಿಟ್ಟರು, ಮತ್ತೆ ತಿರುಗಿತು. ಮಗು ಮೋಟಾರನ್ನು ಕೇಳುತ್ತಿರಲಿಲ್ಲ, ಅದುರುವ ಕಲ್ಲು ಅದಕ್ಕೆ ತಿಳಿಯುತ್ತಿತ್ತು. ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ತಾಯಿ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಆಕೆಗೆ ನನ್ನಷ್ಟೇ ವಯಸ್ಸು.

ಅಲ್ಲಿಂದ ಮುಂದೆ ಅಕ್ಕ ಆ ಮನೆಯವರೇ ಆಗಿಬಿಟ್ಟರು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಕಿವಿಯೊಳಗೆ ಯಂತ್ರವಿಡುವ ಆಪರೇಷನ್ನನ್ನು ಸರ್ಕಾರವೇ ಮಾಡಿಸುತ್ತದೆ, ಆದರೆ ಎಳವೆಯಲ್ಲೇ ಆಗಬೇಕು. ಆದ ಮೇಲೆ ಕೇಳಿಸಿಕೊಳ್ಳುವುದನ್ನೇ ಮಗುವಿಗೆ ವರ್ಷಗಟ್ಟಲೆ ಕಲಿಸಬೇಕು, ಇಲ್ಲದಿದ್ದರೆ ಆ ಸದ್ದು ಬರೀ ಗದ್ದಲ. ನಿಮ್ಮೂರಲ್ಲಿ ಅದನ್ನು ಯಾರು ಮಾಡುತ್ತಾರೆ ಎಂದು ಡಾಕ್ಟರು ಕೇಳಿದಾಗ ಅಕ್ಕ, "ನಾನಿದ್ದೀನಿ ಸಾರ್. ಇನ್ನೇನು ನನ್ ಓದು ಮುಗಿಯುತ್ತೆ" ಎಂದರಂತೆ.

ಪ್ರಬಂಧದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರೊಬ್ಬರು ಪುಟ ತಿರುವಿ ತಿರುವಿ, "ಇದರಲ್ಲಿ ಪಾಠ ಎಲ್ಲಿದೆ?" ಎಂದರು. "ಇದು ಪಾಠಕ್ಕೂ ಮುಂಚೆ ಆಗಬೇಕಾದ್ದು ಸಾರ್" ಎಂದರು ಅಕ್ಕ. ಪಾಸು ಮಾಡಿದರು ಅನ್ನಿ. ಅದೇ ತಿಂಗಳು ಮಗುವಿಗೆ ಆಪರೇಷನ್ನೂ ಆಯಿತು. ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ ಹಾಕಿಸಿಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ, ಜೋಲಿಯಲ್ಲಿ ಕೂತ ಮಗುವಿನ ಹಿಂದೆ ಅಕ್ಕ ಡಬ್ಬಿ ಅಲ್ಲಾಡಿಸಿದರು. ಬಾಯಲ್ಲಿದ್ದ ಬೆರಳು ತೆಗೆದು ಮಗು ತಿರುಗಿತು. ಅಜ್ಜಿ ಅಕ್ಕನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದರು. ಅವತ್ತು ಅಕ್ಕ ಎಷ್ಟು ಮಾತಾಡಿದರೋ... ವಾಪಸು ಬರುವ ಬಸ್ಸಿನಲ್ಲಿ ಚಿಂತಾಮಣಿಯಲ್ಲೊಂದು, ಶಿಡ್ಲಘಟ್ಟದಲ್ಲೊಂದು ರೂಮು, ವಾರಕ್ಕೊಂದು ದಿನ ಮುರುಗಮಲ್ಲ ಎಂದು ಇಡೀ ಜಿಲ್ಲೆಯನ್ನೇ ಹಂಚಿಕೊಂಡು ಬಂದೆವು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪದವಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಎಳೇ ಮಕ್ಕಳನ್ನು ನೋಡುವ ಕೆಲಸ ಆರೋಗ್ಯದವರದು, ನೀವು ಶಿಕ್ಷಣದವರು ಎಂದು ಒಂದು ಕಡೆ. ಶಾಲೆಗೆ ಬಾರದ ಮಗು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ಇನ್ನೊಂದು ಕಡೆ. ಒಬ್ಬ ಅಧಿಕಾರಿಯಂತೂ ಕಾಫಿ ತರಿಸಿಕೊಟ್ಟು ಬಹಳ ಪ್ರೀತಿಯಿಂದ, "ಎಂ.ಎಡ್. ಅಂದ್ರೆ ಟೀಚರ್ರೇ ಅಲ್ವೇನಮ್ಮ? ಇಷ್ಟು ಓದಿದೀರ, ದೊಡ್ಡ ಸ್ಕೂಲಿಗೇ ಹೋಗಿ" ಎಂದರಂತೆ. ಕೊನೆಗೆ ಆದದ್ದೂ ಅದೇ. ದೂರದ ಜಿಲ್ಲೆಯೊಂದರಲ್ಲಿ ಕಿವುಡು ಮಕ್ಕಳ ವಸತಿ ಶಾಲೆಗೆ ಮುಖ್ಯ ಶಿಕ್ಷಕಿ ಬೇಕಾಗಿತ್ತು, ಎಂ.ಎಡ್. ಆದವರೇ ಬೇಕಾಗಿತ್ತು. ಹಳೆಯ ಗುತ್ತಿಗೆ ಕೆಲಸಕ್ಕೆ ಆಗಲೇ ಬೇರೆಯವರು ಬಂದಿದ್ದರು. ತಂಗಿಯ ಮನೆಯಲ್ಲಿ ಎಷ್ಟು ದಿನ ಇರಲು ಸಾಧ್ಯ? ಓದಿ ತರಗತಿಯಿಂದ ಹೊರಗೆ ಬರುತ್ತೇನೆ ಎಂದವರು ಓದಿದ ತಪ್ಪಿಗೆ ಇನ್ನೂ ಒಳಗೆ ಹೋದರು. ಬೋಧನೆ, ಹಾಸ್ಟೆಲ್, ಅಡುಗೆಮನೆ ಎಲ್ಲ ಅವರ ತಲೆಯ ಮೇಲೆಯೇ ಇತ್ತು.

ನನಗೋ, ಕೇಳದೆಯೇ ಯಲಹಂಕದ ಖಾಸಗಿ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ತರಗತಿಯ ಆಚೆಯ ಕೆಲಸ, ಎಳೇ ಮಕ್ಕಳು, ಕಾರಿನಲ್ಲಿ ಬರುವ ತಾಯಿ ತಂದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಅಕ್ಕ ಮಗುವನ್ನು ಬಿಡಲಿಲ್ಲ. ಭಾನುವಾರ ಬಿಡುವು ಸಿಕ್ಕಾಗಲೆಲ್ಲ ಬಸ್ಸು ಬದಲಾಯಿಸಿಕೊಂಡು ಶಿಡ್ಲಘಟ್ಟಕ್ಕೆ ಬರುತ್ತಿದ್ದರು. ಪ್ರತಿ ವಾರ ಎಂದದ್ದು ತಿಂಗಳಿಗೊಮ್ಮೆ ಆಯಿತು. ಮಗುವನ್ನು ನಮ್ಮ ಸೆಂಟರಿಗೆ ಕರೆತರಲು ನಾನೂ ಹೇಳಿದೆ. ಆ ತಾಯಿ ಕೆಲವು ತಿಂಗಳು ಬೆಳಗಿನ ಬಸ್ಸು ಹಿಡಿದು ಬಂದಳು, ಬಸುರಿಯಾಗಿ ಹೊಟ್ಟೆ ಮುಂದೆ ಬಂದ ಮೇಲೂ ಬಂದಳು, ಆಮೇಲೆ ಆಗಲಿಲ್ಲ. ನಡುವೆ ಕಿವಿಯ ಯಂತ್ರದ ವೈರು ಕಿತ್ತುಹೋಯಿತು. ಅದು ರಿಪೇರಿಯಾಗಿ ಬರುವ ಹೊತ್ತಿಗೆ ಮಗುವಿಗೆ ಸದ್ದಿನ ಅಭ್ಯಾಸವೇ ತಪ್ಪಿತ್ತು. ಹಾಕಿದರೆ ಕಿತ್ತು ಬಿಸಾಡಿ ಅಳುತ್ತಿತ್ತು. "ಹೋಯ್ತು ಕಣೇ. ಕೈಗೆ ಬಂದಿತ್ತು" ಎಂದು ಫೋನಿನಲ್ಲಿ ಅಕ್ಕ ಅಂದದ್ದು ಇಷ್ಟೇ. ಆ ಕಡೆ ಹಾಸ್ಟೆಲಿನ ಊಟದ ತಟ್ಟೆಗಳ ಸದ್ದು ಕೇಳುತ್ತಿತ್ತು.

ಅದಾಗಿ ಕೆಲವು ವರ್ಷಕ್ಕೆ ಅಕ್ಕ ಹೋದರು. ಕಾಮಾಲೆ ಎಂದರು. ರಜೆ ಹಾಕದೆ ಎಳೆದಾಡಿಕೊಂಡಿದ್ದು, ಕೊನೆಗೆ ಆಸ್ಪತ್ರೆಗೆ ಸೇರಿದರೂ ಉಳಿಯಲಿಲ್ಲ. ಮಂಡಿಕಲ್‌ಗೆ ಶಾಲೆಯವರೆಲ್ಲ ಬಂದಿದ್ದರು. ಇಂಥ ಟೀಚರು ಸಿಗಲ್ಲ, ಹುಟ್ಟಾ ಟೀಚರು ಎಂದು ಒಬ್ಬರಾದ ಮೇಲೊಬ್ಬರು ಹೇಳಿ ಕಣ್ಣೊರೆಸಿಕೊಂಡರು. ಒಳ್ಳೆಯ ಮಾತೇ. ಅಕ್ಕ ಬಿಟ್ಟು ಹೊರಡಬೇಕೆಂದಿದ್ದದ್ದು ಮಾತ್ರ ಅದನ್ನೇ. ಅವರ ತಂಗಿ ಆ ಡಬ್ಬಿಯನ್ನು ನನ್ನ ಕೈಗಿತ್ತು, ಇದು ನಿಮಗೇ ಇರಲಿ ಎಂದರು.

ಹೋದ ವರ್ಷ ಚಳಿಗಾಲದಲ್ಲಿ ಡಬ್ಬಿಗೆ ಹೊಸ ಕಾಳು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಜ್ಜಿ ಇರಲಿಲ್ಲ, ಜೋಲಿಯೂ ಇರಲಿಲ್ಲ. ಮಗು ಈಗ ಉದ್ದ ಜಡೆಯ ಹುಡುಗಿ, ಮೊರದಲ್ಲಿ ಗೂಡು ಆರಿಸುತ್ತ ಕೂತಿದ್ದಳು. ಶಾಲೆಗೆ ಸೇರಿಸಿದ್ದಾರಂತೆ, ಸುಮ್ಮನೆ ಕೂತು ಬರುತ್ತಾಳಂತೆ. ಕಿವಿಯ ಯಂತ್ರ ಬೀರುವಿನಲ್ಲಿ, ಬಳೆಗಳ ಪಕ್ಕದಲ್ಲಿ, ಕರ್ಚೀಫಿನಲ್ಲಿ ಸುತ್ತಿಟ್ಟಿತ್ತು. ತಾಯಿ ಟೀ ತರಲು ಒಳಗೆ ಹೋದಾಗ ಹುಡುಗಿಯ ಬೆನ್ನ ಹಿಂದೆ ನಿಂತು ಡಬ್ಬಿ ಅಲ್ಲಾಡಿಸಿದೆ. ಅವಳ ಕೈ ಗೂಡಿನಿಂದ ಗೂಡಿಗೆ ಹೋಗುತ್ತಲೇ ಇತ್ತು.

ಬಾಗಿಲಲ್ಲಿ ತಾಯಿ ನಿಂತಿದ್ದಳು. ನಾನು ಮಾಡಿದ್ದನ್ನು ನೋಡಿದ್ದಳು. ಟೀ ಲೋಟ ಕೆಳಗಿಟ್ಟು ಹಿತ್ತಲಿಗೆ ಹೋಗಿ ತಾನೇ ಮೋಟಾರ್ ಸ್ವಿಚ್ ಹಾಕಿದಳು. ಹುಡುಗಿ ಥಟ್ಟನೆ ಕತ್ತೆತ್ತಿ ಆ ಕಡೆ ತಿರುಗಿದಳು.

"ನೋಡಿ ಮೇಡಂ, ಕೇಳುತ್ತೆ ಅವಳಿಗೆ. ಸ್ವಲ್ಪ ಸ್ವಲ್ಪ ಕೇಳುತ್ತೆ."

ಅವತ್ತು ಜೋಲಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಸಿದವಳು ಇವಳೇ. ನಾನು ಚಪ್ಪಡಿ ಕಲ್ಲಿನ ಮೇಲಿದ್ದ ಹುಡುಗಿಯ ಬರಿಗಾಲನ್ನೇ ನೋಡುತ್ತ ನಿಂತೆ. ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದರು... ಇಷ್ಟು ದೊಡ್ಡ ಹುಡುಗಿಯನ್ನು ಜೋಲಿಯಲ್ಲಿ ಕೂರಿಸಿ ತೋರಿಸುವ ಹಾಗೂ ಇಲ್ಲ. ತೋರಿಸಿದರೆ ಆಗುವುದಾದರೂ ಏನು? ಹೌದಮ್ಮ, ಕೇಳುತ್ತೆ ಎಂದು ಹೇಳಿ ಟೀ ಕುಡಿದು ಬಂದುಬಿಟ್ಟೆ.

ಇವತ್ತು ಹಿದುಕಬೇಳೆ ಸಾರು ಮಾಡಿದೆ, ಮನೆಯವರೆಲ್ಲ ಚೆನ್ನಾಗಿದೆ ಎಂದು ಉಂಡರು. ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯ ಮೇಲಿದೆ. ಈ ಸಲ ಕಾಳು ಬದಲಾಯಿಸಲಿಲ್ಲ.