ಹುಮನಾಬಾದಿನ ನೀರು, ನನ್ನ ಕೂದಲು

ನನ್ನ ಕೂದಲ ಬಗ್ಗೆ ನನಗೆ ಜಂಬವಿತ್ತು, ಈಗಲೂ ಇದೆ. ಅದನ್ನು ಮುಚ್ಚಿಡುವ ಸ್ವಭಾವ ನನ್ನದಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಸೊಂಟ ದಾಟಿದ ಹೆರಳು ನನ್ನದೊಂದೇ. ಅದನ್ನು ಬೆಳೆಸಿದವಳು ತಾನು ಎಂದು ಅವ್ವ ಕಂಡವರಿಗೆಲ್ಲ ಹೇಳುತ್ತಿದ್ದಳು. ಹಿತ್ತಲ ಬಾವಿಯ ನೀರು, ಕೊಬ್ಬರಿ ಎಣ್ಣೆ, ಹುಬ್ಬು ಮೇಲೇರುವಷ್ಟು ಬಿಗಿಯಾದ ಜಡೆ, ಇಷ್ಟು ಅವಳ ಶಾಸ್ತ್ರ. ಅಪ್ಪನ ತಲೆ ಮೂವತ್ತು ದಾಟುವ ಮೊದಲೇ ಬೋಳಾದದ್ದು ಮಾತ್ರ ಆ ಶಾಸ್ತ್ರಕ್ಕೆ ಒಗ್ಗಲಿಲ್ಲ. ಅದಕ್ಕೆ ಅವನ ಟೋಪಿ ಕಾರಣ ಅನ್ನುತ್ತಿದ್ದಳು. ಅಜ್ಜನೂ ಬೋಳ, ಅವನು ಟೋಪಿ ಹಾಕುತ್ತಿರಲಿಲ್ಲ, ರುಮಾಲು ಸುತ್ತುತ್ತಿದ್ದ ಎಂದರೆ, ರುಮಾಲು ಟೋಪಿಗಿಂತ ಕೆಟ್ಟದ್ದು ಎನ್ನುವಳು. ಅವಳೊಂದಿಗೆ ವಾದ ಮಾಡಿ ಗೆದ್ದವರಿಲ್ಲ.

ಮದುವೆಯಾಗಿ ಹುಮನಾಬಾದಿಗೆ ಹೋದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ, ಮೂರು ತಿಂಗಳ ಬಾಣಂತನ ಮುಗಿಸಿ ಕೂಸಿನ ಸಮೇತ ಗಂಡನ ಮನೆಗೆ ಮರಳಿದೆ. ಹೋಗಿ ಒಂದು ವಾರವಾಗಿರಲಿಲ್ಲ, ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲ ಮೋರಿಯಲ್ಲಿ, ಕೂಸಿನ ಮುಷ್ಟಿಯಲ್ಲಿ, ಎಲ್ಲಿ ನೋಡಿದರೂ ನನ್ನ ಕೂದಲೇ. ಒಂದು ದಿನ ಮಾವನವರ ರೊಟ್ಟಿಯಲ್ಲೂ ಸಿಕ್ಕಿತು. ಅವರು ಅದನ್ನು ಎಳೆದು ತಟ್ಟೆಯ ಅಂಚಿಗಿಟ್ಟರು. ನನಗೆ ಅಳು ಬಂತು.

ಫೋನಿನಲ್ಲಿ ಹೇಳಿದ್ದೇ ತಡ, ಅವ್ವ ತೀರ್ಪು ಕೊಟ್ಟುಬಿಟ್ಟಳು. ನಮ್ಮಲ್ಲಿದ್ದಾಗ ಒಂದು ಎಳೆಯೂ ಉದುರಿರಲಿಲ್ಲ, ಅಲ್ಲಿಗೆ ಹೋದೊಡನೆ ಉದುರಿತು, ಅಂದಮೇಲೆ ಅದು ಹುಮನಾಬಾದಿನ ಬೋರಿನ ನೀರಿನದೇ ಕೆಲಸ. ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ತಲೆ ಸ್ನಾನಕ್ಕೆಂದು ಹಿತ್ತಲ ಬಾವಿಯ ನೀರನ್ನು ಕ್ಯಾನಿಗೆ ತುಂಬಿ, ಬಸ್ಸಿನಲ್ಲಿ ಗುರುತಿನವರ ಕೈಯಲ್ಲಿ ವಾರವಾರ ಕಳಿಸತೊಡಗಿದಳು. ಬೀಗರ ಮನೆಯಿಂದ ತುಪ್ಪ ಬರುವುದನ್ನು ಕೇಳಿದ್ದೆವು, ನೀರು ಬರುವುದು ಇದೇ ಮೊದಲು ಎಂದು ನೆರೆಯವರು ನಕ್ಕರು.

ಅತ್ತೆ ನಗಲಿಲ್ಲ. ಅದೇ ಬೋರಿನ ನೀರು ಹಾಕಿಕೊಂಡೇ ಆಕೆಯ ತುರುಬು ಈ ವಯಸ್ಸಿನಲ್ಲೂ ಮುಷ್ಟಿಯಲ್ಲಿ ಹಿಡಿಯದಷ್ಟು ದಪ್ಪವಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದಷ್ಟೇ ಗೊಣಗಿ, ಕ್ಯಾನುಗಳನ್ನು ತಾವೇ ಬಚ್ಚಲಿಗೆ ಸಾಗಿಸುತ್ತಿದ್ದರು. ನಾನು ಆ ನೀರಲ್ಲೇ ತಲೆ ತೊಳೆದೆ. ಕೂದಲು ಉದುರುತ್ತಲೇ ಇತ್ತು.

ಆಗ ಅವ್ವ ಕೊನೆಯ ಬಾಣ ಬಿಟ್ಟಳು. ತಾನೇ ಬಂದು ನನ್ನನ್ನೂ ಕೂಸನ್ನೂ ಕರೆದೊಯ್ಯುವುದಾಗಿ, ಕೂದಲು ಮೊದಲಿನಂತಾಗುವ ತನಕ, ವರ್ಷವಾದರೂ ಸರಿ, ಕಳಿಸುವುದಿಲ್ಲವೆಂದು ಹೇಳಿದಳು. ಅತ್ತೆಗೆ ತಿಳಿಸಿದೆ. ಅವರು ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಒಯ್ಯುದಾದ್ರ ಒಯ್ಯಲಿ. ಆದ್ರ ನಮ್ಮ ನೀರಿನ ಹೆಸರ ಹೇಳಿ ಒಯ್ದ್ರ, ನಾ ಮತ್ತ ಕರಿಯಾಕ ಬರಂಗಿಲ್ಲ."

ಆಕೆ ಹೇಳಿದಂತೆ ನಡೆಯುವವರು. ನನಗೋ ನನ್ನ ಗಂಡ, ನನ್ನ ಒಲೆ, ನನ್ನ ಮನೆ ಬೇಕಿತ್ತು. ಇಬ್ಬರು ಹಿರಿಯರ ಹಟದ ನಡುವೆ ಸಂಸಾರ ಕಳೆದುಕೊಳ್ಳಲು ನಾನೇನು ದಡ್ಡಿಯೆ? ಊರಿನ ಡಾಕ್ಟರಮ್ಮನ ಬಳಿ ಹೋಗಿ ರಕ್ತ ಪರೀಕ್ಷೆಗೆ ಕೊಟ್ಟುಬಂದೆ. ಅವ್ವ ಬಂದ ದಿನ, ಫಲಿತಾಂಶ ಕೇಳಲು ಇಬ್ಬರನ್ನೂ ಜೊತೆಗೆ ಎಳೆದುಕೊಂಡೇ ಹೋದೆ.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಬಸಿರಲ್ಲಿ ಉದುರದೆ ನಿಂತ ಕೂದಲು ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತದೆ, ಯಾವ ಊರಿನಲ್ಲಿದ್ದರೂ ಉದುರುತ್ತದೆ, ಮತ್ತೆ ಬರುತ್ತದೆ. ದೊಡ್ಡ ಜ್ವರ ಬಂದುಹೋದ ಮೇಲೂ ಹೀಗಾಗುವುದುಂಟು. ಗಡಸು ನೀರಿಗೆ ಕೂದಲು ಒರಟಾದೀತು, ಬುಡದಿಂದ ಕಿತ್ತು ಬರುವುದಿಲ್ಲ. ಥೈರಾಯ್ಡ್ ಸರಿಯಿದೆ. ಜಡೆ ಸಡಿಲ ಹಾಕು ಎಂದು ನನ್ನ ಕಿವಿಯ ಮೇಲಿನ ತೆಳುವಾದ ಜಾಗ ತೋರಿಸಿದರು. ಅಪ್ಪನ ಬೋಳುತಲೆಯ ಬಗ್ಗೆಯೂ ಕೇಳಿಬಿಟ್ಟೆ. ಅದು ವಂಶದ್ದು, ಟೋಪಿ ಪಾಪ ಏನು ಮಾಡೀತು ಎಂದರು. ಕೊನೆಗೆ, ನಿನ್ನಲ್ಲಿ ರಕ್ತ ತೀರ ಕಡಿಮೆ, ಅದಕ್ಕೇ ಇಷ್ಟೊಂದು ಉದುರುತ್ತಿದೆ, ಬಾಣಂತನದಲ್ಲಿ ಏನು ತಿಂದೆ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಮ್ಮೆಯಿಂದ ಹೇಳಿದಳು. ಸೊಪ್ಪು ಥಂಡಿಯೆಂದು ಮುಟ್ಟಿಸಲಿಲ್ಲ, ಬೇಳೆಕಾಳು ವಾಯುವೆಂದು ಕೊಡಲಿಲ್ಲ, ಮೂರು ತಿಂಗಳೂ ಮೆತ್ತನೆ ಅನ್ನ, ಬೆಳ್ಳುಳ್ಳಿ ಸಾರು, ತುಪ್ಪ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಬಾಣಂತಿಗೆ ಬೇಕಾದದ್ದನ್ನೇ ನಿಲ್ಲಿಸಿದ್ದೀರಲ್ಲ ಎಂದರು. ಅವ್ವನ ಮುಖ ಇಳಿದುಹೋಯಿತು. ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ಅಷ್ಟು ದಿನ ನೀರಿನ ಮಾತು ನುಂಗಿಕೊಂಡಿದ್ದ ಅತ್ತೆ ಈಗ ಏನೆಂದರೂ ನಡೆಯುತ್ತಿತ್ತು. ಒಂದು ಮಾತು ಹೆಚ್ಚಾದರೆ ಅವ್ವ ಇನ್ನು ಈ ಊರಿಗೆ ಕಾಲಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಎಂದೂ ಹೆದರದ ನಾನು ಅವತ್ತು ಹೆದರಿದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ನನ್ನ ಮಗಳ ಬಾಣಂತನಾನೂ ಹಿಂಗೇ ಮಾಡೀನ್ರಿ ಅಕ್ಕಾರ. ಕೊಹಿನೂರಿಗಿ ಗಂಡನ ಮನಿಗಿ ಹೋದ ಮ್ಯಾಲ ಆಕಿ ಕೂದಲಾನೂ ಉದುರಿದ್ವು. ಆ ಊರಿನ ನೀರಿಗಿ ನಾನೂ ಭಾಳ ಬೈದಿದ್ದೆ."

ಅವ್ವ ಅತ್ತೆಯ ಕಡೆ ತಿರುಗಿ ಕೇಳಿದಳು. "ಮತ್ತ ಬಂದ್ವೇನ್ರಿ?"

"ಬಂದ್ವು. ನೀರು ಅದೇ ಇತ್ತು."

ನನ್ನನ್ನು ಕರೆದೊಯ್ಯಲು ಬಂದ ಅವ್ವ ಆ ಸಂಜೆ ಒಬ್ಬಳೇ ಬಸ್ಸು ಹತ್ತಿದಳು. ನನ್ನ ಕಡೆ ನೋಡಲಿಲ್ಲ. ಕಿಟಕಿಯಿಂದ ಬಗ್ಗಿ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು:

"ಇನ್ನ ನಿಮ್ಮ ಮನ್ಯಾಗ ಏನ್ ಮಾಡ್ತೀರಿ, ಅದೇ ಉಣಸ್ರಿ ಆಕಿಗಿ."